ಎಂಟರ ಮನೆಯಲ್ಲಿ ಒಂಬತ್ತು

ಸೋಮವಾರ ಬೆಳಗ್ಗೆ ಏಳಕ್ಕೆ ಹಡಗು ಕಟ್ಟುವ ಯಾರ್ಡಿನ ಅಚ್ಚಿನಟ್ಟದ ಬಾಗಿಲು ತೆಗೆದವನು ನಾನೇ. ಕಿಟಕಿಗಳ ಆಚೆ ಕ್ಲೈಡ್ ನದಿ ಮಂಜಿನಲ್ಲಿ ಮುಳುಗಿತ್ತು, ಒಳಗೆ ಬೂದಿಯಂಥ ಬೆಳಕು. ಕಪ್ಪು ಬಳಿದ ನೆಲದ ನಡುವೆ, ಏಣಿಯ ಬುಡದಲ್ಲಿ, ಫರ್ಗಸ್ ಕಹೂನ್ ಅಂಗಾತ ಬಿದ್ದಿದ್ದರು. ನಾನು ಬೂಟು ಬಿಚ್ಚಿ ಹೊಸ್ತಿಲ ಪಕ್ಕ ಇಟ್ಟು, ಕಾಲುಚೀಲದಲ್ಲೇ ಓಡಿಹೋಗಿ ಅವರ ಕೈ ಮುಟ್ಟಿದೆ. ಸೀಸದ ಹಾಗೆ ತಣ್ಣಗಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಅಳತೆಯ ಪುಸ್ತಕ ತೆರೆದುಕೊಂಡು ಬಿದ್ದಿತ್ತು. ನಾನು ಅದರೊಳಗೆ ಕಣ್ಣು ಹಾಯಿಸಲಿಲ್ಲ, ಅವರ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.

ಅದು ಮೂವತ್ನಾಲ್ಕನೇ ಇಸವಿಯ ಫೆಬ್ರವರಿ. ಪೋರ್ಟ್ ಕಿಲ್‌ಡ್ರಮ್ಮಿನ ನಮ್ಮ ಯಾರ್ಡಿನಲ್ಲಿ ಮೂರು ವರ್ಷದಿಂದ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಈಗ ಒಂದೇ ಒಂದು ಹಡಗು ಬಂದಿತ್ತು, ಅದೂ ಕಹೂನ್ ಅವರನ್ನು ನಂಬಿ. ಪಂದ್ಯಕ್ಕೆಂದೇ ಕಟ್ಟುವ ದೊಡ್ಡ ಹಾಯಿಹಡಗುಗಳನ್ನು ಕಾಗದದ ಮೇಲೆ ಹುಟ್ಟಿಸುವುದು ಅವರ ಕಸುಬು. ನೂರಿಪ್ಪತ್ತು ಅಡಿ ಉದ್ದದ ಒಡಲು, ಅದರ ಮೇಲೆ ಹಾಯಿ ಕಟ್ಟುವ ಒಂದೇ ಒಂದು ಕೂವೆಮರ. ಆ ಮರ ನೂರಾ ಅರವತ್ತು ಅಡಿ ಎತ್ತರ. ನಮ್ಮೂರ ಚರ್ಚಿನ ಗೋಪುರ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಅಂಥ ಹಡಗು ಬರೆಯಬಲ್ಲವರು ಇಡೀ ದೇಶದಲ್ಲಿ ಮೂರೋ ನಾಲ್ಕೋ ಜನ. ಅವರಲ್ಲಿ ಕಹೂನ್ ಒಬ್ಬರಾಗಿದ್ದರು, ‘ಸೋಲನ್’ ಮುಳುಗುವ ತನಕ.

ಸೋಲನ್ ಅವರ ಹಿಂದಿನ ಹಡಗು. ಆರು ವರ್ಷದ ಕೆಳಗೆ ಮೊದಲ ಪಂದ್ಯದಲ್ಲೇ ಅದರ ಕೂವೆಮರ ಬುಡಸಮೇತ ಉರುಳಿ, ಹಡಗು ಬದಿಗೆ ಒರಗಿ, ಆಳವಾದ ನೀರಿಗೆ ಹೋಯಿತು. ಮೂವರು ಸತ್ತರು. ವಿಚಾರಣೆಯಲ್ಲಿ ವಿನ್ಯಾಸವೇ ದುರ್ಬಲ ಅಂದರು. ಕಹೂನ್ ಬಾಯಿ ತೆರೆಯಲಿಲ್ಲ. ಆಮೇಲೆ ಆರು ವರ್ಷ ಮೀನುದೋಣಿ ಬರೆದು ಬದುಕಿದರು. ಈ ಹೊಸ ಹಡಗು ಅವರಿಗೆ ಮರಳಿ ಸಿಕ್ಕ ಉಸಿರು. ನಮಗೆಲ್ಲ ಅನ್ನ.

ಯಾರ್ಡಿನ ಜನ ಗೇಟಿನಲ್ಲಿ ಸೇರುವ ಹೊತ್ತಿಗೆ ಕಾನ್‌ಸ್ಟೇಬಲ್ ಬೇನ್ ಬಂದ. ಹೊಸ್ತಿಲಲ್ಲಿ ನನ್ನ ಬೂಟು ನೋಡಿ ಹುಬ್ಬೇರಿಸಿದ.

“ಏನಯ್ಯಾ ಟಾರ್ಕಿಲ್, ಹೆಣ ಬಿದ್ದಿರೋದು ಕಂಡ ಮೇಲೂ ನಿಂತು ಬೂಟು ಬಿಚ್ಚಿದ್ಯಾ? ಇದೇನು ದೇವಸ್ಥಾನವಾ?”

ಬಿಚ್ಚಿದ್ದು ನನಗೆ ಆಗಲೇ ಗೊತ್ತಾದದ್ದು. ಅಚ್ಚಿನಟ್ಟಕ್ಕೆ ಯಾರೂ ಬೂಟು ಹಾಕಿ ಬರುವುದಿಲ್ಲ. ಕಾಗದದಲ್ಲಿ ಮೊಳ ಉದ್ದ ಇದ್ದ ಹಡಗನ್ನು ಆ ನೆಲದ ಮೇಲೆ ಅದರ ನಿಜ ಅಳತೆಯಲ್ಲಿ ಗೆರೆ ಹಾಕಿ ಬಿಡಿಸುತ್ತೇವೆ. ಆ ಗೆರೆಗಳಿಂದ ಹಡಗಿನ ಹಲಗೆ ಹೊರುವ ಒಂದೊಂದು ಪಕ್ಕೆಲುಬಿಗೂ ತೆಳು ಮರದ ಅಚ್ಚು ತೆಗೆಯುತ್ತೇವೆ. ನೆಲಕ್ಕೆ ಒಂದು ಗೀರು ಬಿದ್ದರೆ ಅದು ಹಡಗಿನ ಗೆರೆಯೋ ಮೊಳೆಯ ಗೀರೋ ತಿಳಿಯದೆ ಕೆಲಸ ಕೆಡುತ್ತದೆ. ಹದಿನಾಲ್ಕನೇ ವಯಸ್ಸಿನಲ್ಲಿ ಕಪಾಳಕ್ಕೆ ಬಿದ್ದು ಕಲಿತ ಪಾಠ ಅದು. ಬೇನ್‌ಗೆ ಆ ಪಾಠ ಆಗಿರಲಿಲ್ಲ. ಮೊಳೆಬೂಟಿನಲ್ಲೇ ನಡೆದುಹೋದ. ಶುಕ್ರವಾರವಷ್ಟೇ ಹೊಸ ಕಪ್ಪು ಬಳಿದಿದ್ದೆವು, ಅದಿನ್ನೂ ಗಟ್ಟಿಯಾಗಿರಲಿಲ್ಲ. ಅವನ ಹೆಜ್ಜೆ ಹೆಜ್ಜೆಗೂ ಬಿಳಿ ಚುಕ್ಕೆಗಳು ಎದ್ದವು.

“ಲಾಮಂಟ್ ಅವರನ್ನ ಕರೀರಿ,” ಎಂದೆ.

ಡೂಗಲ್ಡ್ ಲಾಮಂಟ್ ಮೂವತ್ತು ವರ್ಷ ಪಂದ್ಯದ ಹಡಗುಗಳ ಅಳತೆಗಾರರಾಗಿದ್ದವರು. ನಿಯಮಕ್ಕಿಂತ ಅರ್ಧ ಅಂಗುಲ ಹೆಚ್ಚಿಗೆ ಕದ್ದವರನ್ನು ಹಿಡಿಯುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಊರಲ್ಲಿ ಏನು ಕಳುವಾದರೂ ಯಾರು ಕಾಣೆಯಾದರೂ ಜನ ಅವರ ಬಾಗಿಲಿಗೇ ಹೋಗುತ್ತಿದ್ದರು. ಆ ಮೂವತ್ತು ವರ್ಷವೂ ಅವರು ನಮ್ಮ ಯಾರ್ಡಿಗೆ ಬಂದಾಗಲೆಲ್ಲ ಟೇಪಿನ ಇನ್ನೊಂದು ತುದಿ ಹಿಡಿದವನು ನಾನು.

ಅವರು ಬಂದರು, ಗೋಡೆಗೆ ಒರಗಿ ಬೂಟು ಬಿಚ್ಚಿದರು, ಬಾಗಿಲಲ್ಲೇ ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಕಪ್ಪು ನೆಲದ ಉದ್ದಕ್ಕೂ ಒಂದು ಕಣ್ಣಿನಿಂದ ನೋಡಿದರು. ಆಮೇಲೆ ಹೆಣದ ಹತ್ತಿರ ಹೋಗಿ, ಮುಖದ ಕಡೆ ತಿರುಗದೆ ಕಾಲಿನ ಕಡೆ ಕೂತರು. ಕಹೂನ್ ಕಾಲಲ್ಲಿ ಬೂಟಿತ್ತು, ಲೇಸು ಬಿಗಿದಿತ್ತು. ಲಾಮಂಟ್ ಹಿಮ್ಮಡಿಯ ಮೊಳೆಗಳ ಸಂದಿಯಿಂದ ಉಗುರಿನಲ್ಲಿ ಏನನ್ನೋ ಕೆರೆದರು. ಹಳದಿ ಹಿಟ್ಟು.

“ಏನು ಅನ್ನಿಸುತ್ತೆ?” ಎಂದು ಬೇನ್ ಕೇಳಿದ. “ಏಣಿ ಹತ್ತಿದ್ದಾರೆ. ಅಲ್ಲಿಂದ ಬಿದ್ದಿದ್ದಾರೆ, ಇಲ್ಲಾ ತಾವೇ ಹಾರಿಕೊಂಡಿದ್ದಾರೆ.”

ಗೆರೆ ಸರಿಯಾಗಿ ಬಾಗಿದೆಯೋ ಇಲ್ಲವೋ ಎಂದು ಎತ್ತರದಿಂದ ನೋಡಲು ಕಹೂನ್ ಆ ಏಣಿ ಹತ್ತುತ್ತಿದ್ದದ್ದು ನಿಜ. ಲಾಮಂಟ್ ನನ್ನ ಕಡೆ ತಿರುಗಿದರು. “ಟಾರ್ಕಿಲ್, ನೀನು ಕೆಳಗೆ ಹೋಗಿ ಯಾರನ್ನೂ ಮೇಲೆ ಬಿಡಬೇಡ,” ಎಂದರು.

ನಾನು ಗೇಟಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬೇನ್ ಪುಸ್ತಕವನ್ನು ಕೋಟಿನೊಳಗೆ ಇಟ್ಟುಕೊಂಡು ಇಳಿದುಬಂದು, ನಿಂತಿದ್ದವರಿಗೆ, “ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದೆ. ಮಗಳು ನಕಲು ಮಾಡಿದ ಪುಸ್ತಕ. ಪಾಪ, ಅದನ್ನ ನೋಡಿ ಆ ಮನುಷ್ಯನ ಎದೆ ಒಡೆದಿರಬೇಕು,” ಎಂದು ಹೇಳಿಬಿಟ್ಟ. ಊರಿಗೆ ಅಷ್ಟು ಸಾಕಾಯಿತು. ಹತ್ತು ನಿಮಿಷದಲ್ಲಿ ಊನಾ ಕಹೂನ್ ತನ್ನ ಅಪ್ಪನನ್ನು ಕೊಂದ ಮಗಳಾದಳು.

ಮರ್ಡೋ ಟಾಶ್ ನನ್ನ ಪಕ್ಕಕ್ಕೆ ಬಂದು ನಿಂತ. ಅವನು ಅಚ್ಚಿನಟ್ಟದ ಮೇಸ್ತ್ರಿ, ನನ್ನ ಜೊತೆ ಕೆಲಸ ಕಲಿತವನು, ಎತ್ತಿನಂಥ ಭುಜ. ಸೋಲನ್ ಜೊತೆ ಸತ್ತ ಮೂವರಲ್ಲಿ ಅವನ ಮಗ ಯೂವನ್ ಒಬ್ಬ. ಅವತ್ತಿನಿಂದ ಅವನು ಮಾತು ಕಮ್ಮಿ ಮಾಡಿದ್ದ.

“ಏನಂತೆ?” ಎಂದ.

“ಊನಾ ಬರೆದದ್ದು ಏನೋ ತಪ್ಪಂತೆ.”

“ಯಾರು ಅಂದಿದ್ದು ಊನಾ ಅಂತ?” ಅವನ ಮುಖ ಕೆಂಪಾಯಿತು. “ಹನ್ನೆರಡು ವರ್ಷದಿಂದ ಬರೀತಿದಾಳೆ ಆ ಹುಡುಗಿ. ಎಂಟರ ಮನೇಲಿ ಒಂಬತ್ತು ಬರೆಯೋ ಹುಚ್ಚಿಯಾ ಅವಳು? ವಿಮಾನದ ಫ್ಯಾಕ್ಟರಿಯಿಂದ ಬಂದಿದಾನಲ್ಲ, ಆ ಇಂಗ್ಲಿಷಿನವನು, ಅವನನ್ನ ಕೇಳ್ರಿ.”

“ನನ್ನ ಮೇಲೆ ಯಾಕೆ ಕೂಗ್ತೀಯ ಮಾರಾಯ, ನಾನೇನು ಬರ್ದೆನಾ,” ಎಂದೆ. ಅವನು ಟೋಪಿ ಕೆಳಗೆಳೆದುಕೊಂಡು ಹೊರಟುಹೋದ.

ಮಧ್ಯಾಹ್ನ ಊನಾ ಲಾಮಂಟ್ ಮನೆಗೆ ಬಂದಳು. ನಾವು ಓಟ್ಸ್ ರೊಟ್ಟಿ, ಉಪ್ಪುಮೀನು ಮುಂದಿಟ್ಟುಕೊಂಡು ಕೂತಿದ್ದೆವು, ಯಾರೂ ತಿಂದಿರಲಿಲ್ಲ. ಮೂವತ್ತರ ಹೆಣ್ಣು, ಬೆರಳಿಗೆ ಶಾಯಿ. ಅಳುತ್ತಿರಲಿಲ್ಲ. ಅಳು ಬರುವ ಜಾಗದಾಚೆ ಎಲ್ಲೋ ಇದ್ದಳು.

“ಮಾವಾ, ಒಂದೇ ಒಂದು ಕೇಳ್ತೀನಿ,” ಎಂದಳು. ಚಿಕ್ಕಂದಿನಿಂದ ಅವಳು ಲಾಮಂಟರನ್ನು ಹಾಗೇ ಕರೆಯುತ್ತಿದ್ದಳು. “ಆ ಅಂಕಿ ನಂದಾ? ನಂದಾಗಿದ್ರೆ ಹೇಳಿಬಿಡಿ. ಅಪ್ಪನ್ನ ಕೊಂದೋಳು ನಾನೇ ಅಂತ ತಿಳ್ಕೊಂಡು ಬದುಕೋದು ಕಲೀಬೇಕು ನಾನು.”

ಲಾಮಂಟ್ ಬೇನ್‌ನಿಂದ ಎರವಲು ತಂದಿದ್ದ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟರು. ನಾನು ಆ ಪುಟ ನೋಡಿದ್ದು ಅದೇ ಮೊದಲು. ಹದಿನಾರನೇ ಪಕ್ಕೆಲುಬಿನ ಸಾಲು. 8-3-9.

ನಮ್ಮ ಪುಸ್ತಕಗಳಲ್ಲಿ ಅಳತೆ ಬರೆಯುವುದು ಮೂರು ಮನೆಯಲ್ಲಿ. ಮೊದಲನೆಯದು ಅಡಿ, ಎರಡನೆಯದು ಅಂಗುಲ, ಮೂರನೆಯದು ಅಂಗುಲದ ಎಂಟನೇ ಪಾಲು. ಮೂರನೇ ಮನೆಯಲ್ಲಿ ಏಳರ ಮೇಲೆ ಏನೂ ಬರುವ ಹಾಗಿಲ್ಲ. ಎಂಟಾಯಿತೆಂದರೆ ಅದು ಇನ್ನೊಂದು ಅಂಗುಲ, ಎರಡನೇ ಮನೆಗೆ ಹೋಗಬೇಕು.

ಊನಾ ಬಗ್ಗಿ ನೋಡಿದಳು. “ನಾನು ಬರೆದಿದ್ದು ಒಂದು. 8-3-1. ಒಂದರ ತಲೆಗೆ ಯಾರೋ ಸೊನ್ನೆ ಸುತ್ತಿದ್ದಾರೆ.”

“ಹೌದು ಮಗಳೇ. ನೀನು ಬೆಳಕಿಗೆ ಹಿಡಿದು ನೋಡು, ಶಾಯಿಯೂ ಬೇರೆ. ಅಂಕಿ ನಿಂದಲ್ಲ.”

ಆಗ ಅವಳು ಅತ್ತಳು. ಅತ್ತು ಮುಗಿಸಿ ಕೇಳಿದ್ದು, “ಹಾಗಾದ್ರೆ ಯಾರದು?”

“ಅದಕ್ಕೆ ಮುಂಚೆ ನೀನು ಹೇಳು. ಶನಿವಾರ ಅಪ್ಪ ಏನು ಮಾಡ್ತಿದ್ರು?”

“ಹೊಸ ಹಡಗಿನ ಉಕ್ಕಿನ ಪಟ್ಟಿಗಳನ್ನ ಬರೀತಿದ್ರು. ಕೂವೆಮರನ ಬಿಗಿದು ನಿಲ್ಲಿಸೋ ಉಕ್ಕಿನ ಹಗ್ಗ ಬರುತ್ತಲ್ಲ, ಅದನ್ನ ಹಡಗಿನ ಬದಿಗೆ ಕಟ್ಟೋ ಪಟ್ಟಿಗಳು. ಸೋಲನ್ ಆದ್ಮೇಲೆ ಅವರಿಗೆ ಅದೇ ಭಯ. ಎರಡರಷ್ಟು ದಪ್ಪ ಬರೆದಿದ್ರು. ಶುಕ್ರವಾರ ಆ ವಿಮಾನದ ಫ್ಯಾಕ್ಟರಿಯ ಹ್ಯಾರಪ್ ಅವರು, ‘ನೀವು ಹಡಗು ಬರೀತಿಲ್ಲ ಮಿಸ್ಟರ್ ಕಹೂನ್, ನಿಮ್ಮ ಹೆದರಿಕೆ ಬರೀತಿದ್ದೀರಿ’ ಅಂತ ಜಗಳ ಆಡಿದ್ರು. ಶನಿವಾರ ಅಪ್ಪ ಹಳೇ ಸೋಲನ್ ಪುಸ್ತಕ ತೆಗೆದು ನೋಡ್ತಾ ಕೂತಿದ್ರು. ಮಧ್ಯಾಹ್ನ ಯಾರ್ಡು ಮುಚ್ಚೋ ಹೊತ್ತಿಗೆ ಒಂದು ಸಾಲಿನ ಕೆಳಗೆ ಉಗುರಲ್ಲಿ ಗೀರಿ, ‘ಪುಸ್ತಕ ಎಲ್ಲರೂ ನೋಡಿದ್ರು, ಇನ್ನೊಂದನ್ನ ಯಾರೂ ನೋಡ್ಲಿಲ್ಲ’ ಅಂದ್ರು. ನೀನು ಮನೆಗೆ ನಡಿ ಅಂದ್ರು. ಸಂಜೆಗೆ ಬರ್ಲಿಲ್ಲ. ಎಷ್ಟೋ ಸಲ ಮೇಜಿನ ಮೇಲೇ ಮಲಗಿಬಿಡ್ತಿದ್ರು, ಹಾಗೇ ಅಂದ್ಕೊಂಡೆ. ಭಾನುವಾರ ಯಾರ್ಡಿಗೆ ಬೀಗ, ಯಾರೂ ಹೋಗೋ ಹಾಗಿಲ್ಲ. ಹೋಗ್ಬೇಕಿತ್ತು ನಾನು.”

ಅವಳು ಸೋಲನ್ ಪುಸ್ತಕವನ್ನು ಶಾಲಿನಡಿಯಿಂದ ತೆಗೆದು ಕೊಟ್ಟಳು. ಇಪ್ಪತ್ಮೂರನೇ ಪಕ್ಕೆಲುಬು, ಕೂವೆಮರದಿಂದ ಪಟ್ಟಿಗೆ ಇರುವ ದೂರ: 2-0-6. ಅದರ ಕೆಳಗೆ ಉಗುರಿನ ಗೀರು.

ಸಂಜೆಯ ಹೊತ್ತಿಗೆ ಬೇನ್ ಹುರುಪಿನಲ್ಲಿದ್ದ. ಲಯನೆಲ್ ಹ್ಯಾರಪ್ ಐದು ತಿಂಗಳ ಹಿಂದೆ ವಿಮಾನದ ಕಾರ್ಖಾನೆಯಿಂದ ಬಂದ ಎಂಜಿನಿಯರು, ಕೂವೆಮರದ ಲೆಕ್ಕ ಅವನದು. ಅವನು ಅಂಗುಲವನ್ನು ಹತ್ತು ಪಾಲು ಮಾಡಿ ಬರೆಯುತ್ತಿದ್ದ, ನಮ್ಮ ಎಂಟನ್ನು ಕಂಡರೆ ನಗುತ್ತಿದ್ದ. ಶನಿವಾರ ಮೂರು ಗಂಟೆಗೆ ಅವನು ಯಾರ್ಡಿನ ಕಡೆ ಹೋದದ್ದನ್ನು ಅಂಚೆ ಕಚೇರಿಯ ಹೆಂಗಸು ನೋಡಿದ್ದಳು. ಮರೆತುಬಿಟ್ಟಿದ್ದ, ಲೆಕ್ಕ ಮಾಡುವ ಸ್ಲೈಡ್ ರೂಲ್ ತರಲು ಹೋಗಿದ್ದೆ ಎಂಬುದು ಅವನ ಮಾತು.

“ಎಂಟರ ಮನೇಲಿ ಒಂಬತ್ತು ಬರೆಯೋ ಮನುಷ್ಯ ಈ ಊರಲ್ಲಿ ಒಬ್ಬನೇ,” ಎಂದ ಬೇನ್. “ಕಹೂನ್ ಅದನ್ನ ಹಿಡಿದ್ರು, ಅಟ್ಟದಲ್ಲಿ ಜಗಳ ಆಯ್ತು, ಇವನು ಹೊಡೆದ. ನೀವೇ ಕಲಿಸಿದ ಲೆಕ್ಕ ಸ್ವಾಮಿ.”

“ನಾಳೆ ಬೆಳಗ್ಗೆ ಹತ್ತರ ತನಕ ಅವನನ್ನ ಮುಟ್ಟಬೇಡ,” ಎಂದರು ಲಾಮಂಟ್. “ಟಾರ್ಕಿಲ್, ಬಾ. ಬೆಳಕು ಇನ್ನೂ ಇದೆ.”

ಅಚ್ಚಿನಟ್ಟದ ಕೆಳಗೆ, ಒಳಮೆಟ್ಟಿಲಿಳಿದರೆ, ಹಳೇ ಅಚ್ಚುಗಳ ಕೋಣೆ. ಅರವತ್ತು ವರ್ಷದ ಹಡಗುಗಳ ಪಕ್ಕೆಲುಬುಗಳು ಕೊಕ್ಕೆಗಳಿಂದ ತೂಗಾಡುತ್ತವೆ, ಕಸಾಯಿಯ ಅಂಗಡಿಯ ಹಾಗೆ. ಆ ಹಳೇ ಪೈನ್ ಮರಕ್ಕೆ ಹುಳು ಬಿದ್ದಿತ್ತು. ನೆಲದ ತುಂಬ ಹಳದಿ ಹಿಟ್ಟು ಉದುರಿತ್ತು. ಲಾಮಂಟ್ ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದರು. ಮೆಟ್ಟಿಲ ಬುಡದಲ್ಲಿ ಹಳೇ ಕಬ್ಬಿಣದ ಒಲೆಯೊಂದಿತ್ತು. ಅದರ ಒಂದು ಮೂಲೆ ಮಾತ್ರ ಒರೆಸಿದ ಹಾಗೆ ಹೊಳೆಯುತ್ತಿತ್ತು.

ಸೋಲನ್ ಅಚ್ಚುಗಳು ಕೊನೆಯ ಸಾಲಿನಲ್ಲಿ. ಇಪ್ಪತ್ತೆರಡು ಇತ್ತು. ಇಪ್ಪತ್ನಾಲ್ಕು ಇತ್ತು. ನಡುವಿನ ಕೊಕ್ಕೆ ಖಾಲಿ. ಗೋಡೆಯ ಮೇಲೆ ದೂಳಿಲ್ಲದ ಒಂದು ಪಕ್ಕೆಲುಬಿನ ಆಕಾರ.

“ಸೋಲನ್‌ಗೆ ಪಟ್ಟಿ ಕೂರಿಸಿದವರು ಯಾರು?” ಎಂದು ಲಾಮಂಟ್ ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು.

“ನಾನು.”

“ಎಲ್ಲಿ ಕೂತಿತ್ತು?”

“ಅಚ್ಚಿನ ಮೇಲೆ ಗುರುತಿದ್ದ ಕಡೆ. ಪಕ್ಕೆಲುಬಿನ ಮೇಲೆ ಬರಬೇಕಿತ್ತಲ್ಲ, ಹಲಗೆ ಮೇಲೆ ಬರ್ತಿದೆಯಲ್ಲ ಅಂತ ಮರ್ಡೋನ ಕೇಳಿದೆ. ‘ಅಚ್ಚು ನೋಡು, ನನ್ನ ಮುಖ ನೋಡಬೇಡ’ ಅಂದ. ಅಚ್ಚು ನೋಡಿ ತೂತು ಕೊರೆದೆ. ಆಮೇಲೆ ಅದನ್ನ ಮರೆತೇಬಿಟ್ಟೆ.”

ಅದು ಸುಳ್ಳು. ಮರೆತಿರಲಿಲ್ಲ. ಆರು ವರ್ಷ ಆ ಬೋಲ್ಟುಗಳ ಸದ್ದು ನನ್ನ ಕಿವಿಯಲ್ಲಿತ್ತು. ಅಚ್ಚು ತಪ್ಪಬಹುದು ಅಂತ ಮಾತ್ರ ಯೋಚಿಸಿರಲಿಲ್ಲ. ನಮ್ಮಲ್ಲಿ ಯಾರೂ ಹಾಗೆ ಯೋಚಿಸುವುದಿಲ್ಲ.

ಲಾಮಂಟ್ ಆ ಖಾಲಿ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಇವತ್ತು ಗೇಟಿನಲ್ಲಿ ಮರ್ಡೋ ಏನಂದ? ಅವನ ಮಾತಿನಲ್ಲೇ ಹೇಳು.”

ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಎರಡನೇ ಸಲ ಹೇಳುವಾಗ ನನ್ನ ನಾಲಿಗೆ ನಡುವೆಯೇ ನಿಂತಿತು.

ಮರುದಿನ ಹತ್ತಕ್ಕೆ ಎಲ್ಲರೂ ಅಚ್ಚಿನಟ್ಟಕ್ಕೆ ಬಂದರು. ಕಹೂನರನ್ನು ಮನೆಗೆ ಒಯ್ದಾಗಿತ್ತು. ಲಾಮಂಟ್ ಮತ್ತು ನಾನು ಒಳಗಿನ ಬೆಂಚಿನ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದೆವು. ಮೊದಲು ಊನಾ ಬಂದಳು, ಕಪ್ಪು ಬಟ್ಟೆಯಲ್ಲಿ. ಷೂ ಕಳಚಿ, ಜೋಡಿಸಿಟ್ಟು ಒಳಗೆ ಬಂದಳು. ಅವಳ ಹಿಂದೆ ಮರ್ಡೋ. ಬಾಗಿ ಲೇಸು ಬಿಚ್ಚಿದ. ಆಮೇಲೆ ಹ್ಯಾರಪ್, ಅವನ ಹಿಮ್ಮಡಿಗೆ ಬೇನ್. ಹ್ಯಾರಪ್ ನೇರ ಒಳಗೆ ನಡೆದ. ಪಟ್ಟಣದ ಷೂ, ಹಿಮ್ಮಡಿಗೆ ಉಕ್ಕಿನ ಲಾಳ. ಟಕ್ ಟಕ್ ಎಂದು ನಾಲ್ಕು ಹೆಜ್ಜೆ ಹಾಕಿದ್ದನೋ ಇಲ್ಲವೋ, ಮರ್ಡೋ ಗದರಿದ.

“ಬೂಟು ಬಿಚ್ಚೋ ದನ!”

“ಕ್ಷಮಿಸಿ,” ಎಂದು ಹ್ಯಾರಪ್ ಒಂಟಿಕಾಲಲ್ಲಿ ಕುಣಿಯುತ್ತ ಹಿಂದಕ್ಕೆ ಹೋದ. “ಪ್ರತಿ ಸಲವೂ ಮರೆತುಹೋಗುತ್ತೆ.”

“ಐದು ತಿಂಗಳಿಂದ ಪ್ರತಿ ಸಲವೂ,” ಎಂದರು ಲಾಮಂಟ್. “ಬೇನ್, ಕೂತ್ಕೋ. ನೀನು ನಿನ್ನೆಯೇ ನೆಲ ಹಾಳು ಮಾಡಿದ್ದೀಯ, ಇನ್ನೊಂದಷ್ಟು ಮಾಡಿದ್ರೂ ಪರವಾಗಿಲ್ಲ.”

ಅವರು ಎದ್ದು ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಡಗಿನ ಅಳತೆ ಓದಿ ಹೇಳುವ ದನಿಯಲ್ಲಿ ಹೇಳತೊಡಗಿದರು.

“ಫರ್ಗಸ್ ಕಹೂನ್ ಈ ನೆಲದ ಮೇಲೆ ಸಾಯಲಿಲ್ಲ. ಬೂಟು ಹಾಕಿಕೊಂಡು ಈ ಹೊಸ್ತಿಲು ದಾಟೋ ಮನುಷ್ಯನಲ್ಲ ಅವನು. ದಾಟಿದ್ದರೂ ಈ ಹಸಿ ಕಪ್ಪಿನ ಮೇಲೆ ಅವನ ಮೊಳೆಗಳ ಗುರುತು ಇರಬೇಕಿತ್ತು. ನಿನ್ನೆ ಕೆನ್ನೆ ಇಟ್ಟು ನೋಡಿದೆ. ಇದ್ದದ್ದು ಬೇನ್‌ನ ಗುರುತು ಮಾತ್ರ. ಅಂದಮೇಲೆ ಯಾರೋ ಹೊತ್ತು ತಂದಿದ್ದಾರೆ. ಎಲ್ಲಿಂದ? ಅವನ ಬೂಟಿನಲ್ಲಿ ಹುಳು ಕೊರೆದ ಪೈನ್ ಹಿಟ್ಟಿತ್ತು. ಅದು ಇರೋದು ಕೆಳಗಿನ ಅಚ್ಚುಕೋಣೆಯಲ್ಲಿ. ಅಲ್ಲಿನ ಒಲೆಯ ಒಂದು ಮೂಲೆಯನ್ನ ಯಾರೋ ಒರೆಸಿದ್ದಾರೆ. ಅಲ್ಲಿ ಬಿದ್ದ, ಅಲ್ಲಿ ಸತ್ತ.”

“ಹ್ಯಾರಪ್ ಹೊತ್ತಿರಬಹುದಲ್ಲ,” ಎಂದ ಬೇನ್.

“ಹೊತ್ತವನ ಗುರುತೂ ನೆಲದ ಮೇಲಿಲ್ಲ, ಬೇನ್. ಅವನು ಕಾಲುಚೀಲದಲ್ಲಿ ನಡೆದಿದ್ದಾನೆ.”

“ಗುರುತು ಬೀಳಬಾರದು ಅಂತ ಬೇಕೆಂದೇ ಬಿಚ್ಚಿರಬಹುದು.”

“ಒಳ್ಳೇ ಮಾತು. ನಾನೂ ರಾತ್ರಿಯೆಲ್ಲ ಅದನ್ನೇ ಅಳೆದೆ. ಯೋಚನೆ ಮಾಡಿ ತನ್ನ ಬೂಟು ಬಿಚ್ಚಿದವನು ಸತ್ತವನ ಬೂಟನ್ನೂ ಬಿಚ್ಚುತ್ತಾನೆ. ಇಲ್ಲದಿದ್ದರೆ ಕಹೂನ್ ಬೂಟು ಹಾಕಿಕೊಂಡು ಹಾರಿ ಬಂದ ಹಾಗೆ ಕಾಣುತ್ತೆ. ಇವನು ಬಿಚ್ಚಲಿಲ್ಲ. ಯಾಕೆ ಅಂದ್ರೆ ತನ್ನದನ್ನ ಬಿಚ್ಚಿದ್ದು ಇವನಿಗೇ ಗೊತ್ತಿಲ್ಲ. ನಿನ್ನೆ ಟಾರ್ಕಿಲ್ ಹೆಣ ಕಂಡೂ ಬಿಚ್ಚಿದನಲ್ಲ, ಹಾಗೆ. ಹೆಗಲ ಮೇಲೆ ಹೆಣ ಇದ್ದರೂ ಕಾಲು ಹೊಸ್ತಿಲಲ್ಲಿ ತಾನಾಗಿ ನಿಂತಿದೆ. ಅದು ಈ ಅಟ್ಟದಲ್ಲಿ ಬೆಳೆದವನ ಕಾಲು.”

ನಾನು ಕೇಳಿದೆ, “ಹಾಗಾದ್ರೆ ನಾನೂ ಆಗಬಹುದಿತ್ತಲ್ಲ.”

“ಆಗಬಹುದಿತ್ತು. ನಿನ್ನ ಬೆನ್ನು ನನ್ನ ಟೇಪು ಎತ್ತೋಕೂ ನರಳುತ್ತೆ, ಅದಕ್ಕೆ ಬಿಟ್ಟೆ.” ನಗಿಸಲು ಹೇಳಿದ್ದಲ್ಲ, ಯಾರೂ ನಗಲೂ ಇಲ್ಲ. “ಈಗ ಒಂಬತ್ತು. ಎಂಟರ ಲೆಕ್ಕ ಗೊತ್ತಿಲ್ಲದವನು ಬರೆದದ್ದು ಅಂತ ಬೇನ್ ಹೇಳಿದ. ಆದರೆ ಹೊತ್ತು ತಂದವನು ಅಟ್ಟದವನು, ಅವನಿಗೆ ಎಂಟು ಗೊತ್ತು. ಹಾಗಾಗಿ ಅದು ಗೊತ್ತಿಲ್ಲದವನು ಬರೆದ ಒಂಬತ್ತಲ್ಲ. ಗೊತ್ತಿಲ್ಲದವನು ಬರೆದ ಹಾಗೆ ಕಾಣಲಿ ಅಂತ ಗೊತ್ತಿದ್ದವನು ಬರೆದದ್ದು. ಅನುಮಾನ ಹ್ಯಾರಪ್ ಮೇಲೆ ಹೋಗಲಿ ಅಂತ. ಅದು ಹ್ಯಾರಪ್ ಮೇಲೆ ಹೋಗದೆ ಊನಾ ಮೇಲೆ ಬಿತ್ತು. ಅದನ್ನ ಅವನು ಎಣಿಸಿರಲಿಲ್ಲ, ತಡೆದುಕೊಳ್ಳೋಕೂ ಆಗಲಿಲ್ಲ. ಸೋಮವಾರ ಬೆಳಗ್ಗೆ ಗೇಟಿನಲ್ಲಿ ಅವಳ ಪರವಾಗಿ ಮಾತಾಡಿದ. ‘ಎಂಟರ ಮನೇಲಿ ಒಂಬತ್ತು ಬರೆಯೋ ಹುಚ್ಚಿಯಾ ಅವಳು’ ಅಂದ. ಬೇನ್ ಹೇಳಿದ್ದು ಒಂದು ಅಂಕಿ ತಪ್ಪಿದೆ ಅಂತ ಅಷ್ಟೆ. ಪುಟ ನೋಡಿದ್ದವರು ಅವನೂ ನಾನೂ ಇಬ್ಬರೇ. ಟಾರ್ಕಿಲ್ ಕೂಡ ನೋಡಿರಲಿಲ್ಲ. ಅದು ಒಂಬತ್ತು ಅಂತ ನಿನಗೆ ಹೇಗೆ ಗೊತ್ತಾಯ್ತು, ಮರ್ಡೋ?”

ಮರ್ಡೋ ತನ್ನ ಕಾಲುಚೀಲಗಳನ್ನು ನೋಡುತ್ತಿದ್ದ. ಬಲಗಾಲಿನ ಹೆಬ್ಬೆರಳಿನ ಹತ್ತಿರ ಬೇರೆ ಬಣ್ಣದ ನೂಲಿನಲ್ಲಿ ತೇಪೆ ಹಾಕಿತ್ತು.

“ಯಾಕೆ ಅಂತಲೂ ಹೇಳ್ತೀರಾ?” ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

“ಊನಾ ಇಲ್ಲಿದ್ದಾಳೆ. ಹೇಳಲೇಬೇಕು.” ಲಾಮಂಟ್ ಊನಾ ಕಡೆ ತಿರುಗಿದರು. “ಸೋಲನ್‌ನ ಪಟ್ಟಿ ಕೂವೆಮರದಿಂದ ಎರಡು ಅಡಿ, ಸೊನ್ನೆ ಅಂಗುಲ, ಆರು ಎಂಟನೇ ಪಾಲು ದೂರ ಇರಬೇಕು ಅಂತ ನಿನ್ನ ಅಪ್ಪ ಬರೆದಿದ್ದ. 2-0-6. ವಿಚಾರಣೆಯವರು ಪುಸ್ತಕ ನೋಡಿದ್ರು, ಸರಿಯಾಗಿತ್ತು. ಹಾಗಾದ್ರೆ ಪಟ್ಟಿಯೇ ತೆಳು ಅಂದ್ರು. ಹಡಗು ಆಳದಲ್ಲಿತ್ತು, ಯಾರು ಇಳಿದು ನೋಡ್ತಾರೆ? ಪುಸ್ತಕಕ್ಕೂ ಹಡಗಿಗೂ ನಡುವೆ ಒಂದು ಅಚ್ಚಿದೆ ಅನ್ನೋದು ಆರು ವರ್ಷ ಯಾರಿಗೂ ಹೊಳೀಲಿಲ್ಲ, ನನಗೂ. ಶನಿವಾರ ಫರ್ಗಸ್‌ಗೆ ಹೊಳೀತು. ಅಚ್ಚಿನ ಮೇಲೆ ಅಳತೆ ಕೆತ್ತುವಾಗ ಆರು ಒಂದು ಮನೆ ಹಿಂದೆ ಕೂತಿರಬೇಕು. 2-6-0. ಎರಡೂವರೆ ಅಡಿ. ಅಚ್ಚು ನಾನು ನೋಡಿಲ್ಲ, ಇದು ನನ್ನ ಊಹೆ. ಆದ್ರೆ ಪಟ್ಟಿ ಪಕ್ಕೆಲುಬು ಬಿಟ್ಟು ಬರೀ ಹಲಗೆ ಮೇಲೆ ಕೂತಿದ್ದು ಊಹೆಯಲ್ಲ. ಅದಕ್ಕೆ ಟಾರ್ಕಿಲ್ ಸಾಕ್ಷಿ.”

“ಐದೂಕಾಲು ಅಂಗುಲ,” ಎಂದ ಮರ್ಡೋ. “ನಿಮ್ಮ ಊಹೆ ಸರಿಯಾಗಿದೆ.”

ಊನಾ ಗೋಡೆ ಹಿಡಿದುಕೊಂಡಳು. “ಅಪ್ಪ ತಪ್ಪು ಮಾಡಿರ್ಲಿಲ್ಲ,” ಎಂದಳು, ತನಗೇ ಹೇಳಿಕೊಳ್ಳುವವಳ ಹಾಗೆ. “ಆವಾಗ್ಲೂ ಮಾಡಿರ್ಲಿಲ್ಲ.”

“ಇಲ್ಲ ಕಂದಾ,” ಎಂದ ಮರ್ಡೋ. “ನಾನು ಶನಿವಾರ ಒಲೆ ಆರಿಸೋಕೆ ಹೋಗಿದ್ದೆ. ಅವನು ಆ ಅಚ್ಚು ಇಳಿಸಿ ಮಂಡಿ ಮೇಲೆ ಇಟ್ಕೊಂಡು ಕೂತಿದ್ದ. ಕೂಗಲಿಲ್ಲ. ‘ಮರ್ಡೋ, ಇದನ್ನ ಹೇಳಬೇಕಲ್ಲೋ, ಹೊಸ ಹಡಗಿಗೆ ಮುಂಚೆ ಹೇಳಬೇಕು’ ಅಂದ. ನಂಗೆ ಮೊದಲು ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಕೈಬರಹ ನೋಡಿದೆ. ಆರು ವರ್ಷ ಈ ಮನುಷ್ಯನ್ನ ನಾನು ಮಾತಾಡಿಸಿರಲಿಲ್ಲ, ನನ್ನ ಮಗನ್ನ ಕೊಂದೋನು ಅಂತ. ಎದುರು ಕೂತು ಕೆಲಸ ಮಾಡ್ತಿದ್ದೆ, ಒಂದು ದಿನ ಮುಖ ನೋಡಿ ನಮಸ್ಕಾರ ಅಂದಿರಲಿಲ್ಲ. ಅಚ್ಚು ಕೊಡು ಅಂದೆ. ಕೊಡ್ಲಿಲ್ಲ. ಕಿತ್ಕೊಂಡೆ. ಹಿಂದಕ್ಕೆ ಬಿದ್ದ. ಅಷ್ಟೇ ಆಗಿದ್ದು. ಕೆಳಗೇ ಬಿಟ್ರೆ ಅಲ್ಲಿ ಏನು ಹುಡುಕ್ತಿದ್ದ ಅಂತ ಕೇಳ್ತಾರೆ ಅಂತ ಮೇಲೆ ತಂದೆ. ಆಮೇಲೆ ಪುಸ್ತಕ ತಂದು, ಒಂಬತ್ತು ಬರೆದೆ. ಬೂಟು...” ಅವನು ತಲೆಯಾಡಿಸಿದ. “ಬಿಚ್ಚಿದ್ದು ನೆನಪೇ ಇಲ್ಲ ನಂಗೆ.”

“ಅಚ್ಚು ಸುಟ್ಟೆಯಾ?” ಎಂದರು ಲಾಮಂಟ್.

“ಅಚ್ಚು ಯಾರಾದ್ರೂ ಸುಡ್ತಾರಾ?” ಮರ್ಡೋಗೆ ನಿಜವಾಗಿಯೂ ನೋವಾದಂತಿತ್ತು. “ಮನೇಲಿದೆ. ಯೂವನ್ ಮಂಚದ ಕೆಳಗೆ.”

ಬೇನ್ ಎದ್ದು ನಿಂತ. ಮರ್ಡೋ ಹೊಸ್ತಿಲಲ್ಲಿ ಕೂತು ಬೂಟು ಹಾಕಿಕೊಂಡ, ಲೇಸನ್ನು ಎರಡು ಸಲ ಸುತ್ತಿ ಕಟ್ಟಿದ. ತಲೆಯೆತ್ತಿ ಲಾಮಂಟರನ್ನು ಬಿಟ್ಟು ನನ್ನನ್ನು ನೋಡಿದ.

“ಮನೇಲಿ ಮೊರಾಗ್‌ಗೆ ನೀನು ಹೋಗಿ ಹೇಳು, ಟಾರ್ಕಿಲ್. ನಾನು ಫರ್ಗಸ್‌ನ ಕೊಂದೆ ಅಂತ ಹೇಳು. ಯಾಕೆ ಅಂತ ಹೇಳಬೇಡ.”

“ಕೋರ್ಟಿನಲ್ಲಿ ಬಂದೇ ಬರುತ್ತೆ ಮರ್ಡೋ,” ಎಂದರು ಲಾಮಂಟ್ ಮೆಲ್ಲಗೆ.

“ಬರಲಿ. ಇವತ್ತು ಬೇಡ.”

ಹೊಸ ಹಡಗನ್ನು ಆಮೇಲೆ ಕಟ್ಟಿದೆವು. ಕಹೂನ್ ಬರೆದ ಗೆರೆಗಳಲ್ಲೇ, ಎರಡರಷ್ಟು ದಪ್ಪದ ಪಟ್ಟಿಗಳ ಜೊತೆ. ಹ್ಯಾರಪ್ ಅದರ ಬಗ್ಗೆ ಮತ್ತೆ ತುಟಿ ಬಿಚ್ಚಲಿಲ್ಲ. ಒಂದೊಂದು ಅಚ್ಚನ್ನೂ ಊನಾ ಪುಸ್ತಕ ಹಿಡಿದು ತಾನೇ ಓದಿ ನೋಡಿದಳು. ಆ ಹಡಗು ಗೆದ್ದಿತೋ ಸೋತಿತೋ ಈ ಕತೆಗೆ ಬೇಕಾದ್ದಲ್ಲ. ಮರ ನಿಂತಿತು.

ಅವತ್ತು ಮಾತ್ರ ನಾನು ಯಾರ್ಡಿನಿಂದ ನೇರ ಮರ್ಡೋ ಟಾಶ್ ಮನೆಗೆ ನಡೆದೆ. ಅವನ ಹೆಂಡತಿ ಮೊರಾಗ್ ಬಾಗಿಲು ತೆಗೆದಳು. ಕೈಯೆಲ್ಲ ಹಿಟ್ಟು. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವಳು ಕೂರಲಿಲ್ಲ, ಕೂಗಲಿಲ್ಲ. ಒಳಕೋಣೆಗೆ ಹೋಗಿ ಆ ಅಚ್ಚನ್ನು ತಂದು ಮೇಜಿನ ಮೇಲೆ, ಹಿಟ್ಟಿನ ನಡುವೆಯೇ ಇಟ್ಟಳು. ಚಾಕುವಿನಲ್ಲಿ ಕೆತ್ತಿದ ಹಳೇ ಅಂಕಿ, 2-6-0. ಅದರ ಕೆಳಗೆ ಪೆನ್ಸಿಲಿನಲ್ಲಿ, ಹೊಸದಾಗಿ, ಸಣ್ಣಗೆ, 2-0-6.

“ಭಾನುವಾರ ಗುಡಿಸುವಾಗ ಸಿಕ್ತು,” ಎಂದಳು. “ಮೇಲಿಂದು ನಮ್ಮೋರ ಕೈ. ಕೆಳಗಿಂದು ಫರ್ಗಸ್ ಕೈ. ಇದು ಸೋಲನ್‌ದು ಅಲ್ವಾ?”

“ಹೌದು.”

“ಯಾವುದು ಸರಿ, ಟಾರ್ಕಿಲ್?”

ನಾನು ತಲೆ ತಗ್ಗಿಸಿ ಅಚ್ಚನ್ನೇ ನೋಡುತ್ತ ನಿಂತೆ. ಮೊರಾಗ್ ಅಚ್ಚು ನೋಡಲಿಲ್ಲ. ನನ್ನ ಮುಖ ನೋಡಿದಳು.